ಮೊಣಕಾಲಿನ ಸಂಕಲ್ಪ ಮತ್ತು ಹಾಗಲಕಾಯಿ

ಕಾಶಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಇಲ್ಲಿ ಬಿಟ್ಟು ಹೋಗಬೇಕೆಂಬುದು ಪದ್ಧತಿ. ನಮ್ಮ ಕಡೆಯ ಯಾತ್ರಿಕರಿಗೆ ಸಂಕಲ್ಪ ಮಾಡಿಸುವ ಪುರೋಹಿತನಾಗಿ ನಾನು ಕಂಡಂತೆ, ಹೆಚ್ಚಿನವರು ಬಿಡುವುದು ಹಾಗಲಕಾಯಿಯನ್ನು. ಮನೆಯಲ್ಲಿ ಅದನ್ನು ಮುಟ್ಟದವರೂ ಗಂಗೆಯ ಮುಂದೆ ಕಣ್ಣಲ್ಲಿ ನೀರು ತಂದುಕೊಂಡು ಬಿಡುತ್ತಾರೆ. ಕಾಫಿ ಬಿಡಿ ನೋಡೋಣ ಎಂದು ನಾನು ರೇಗಿಸುತ್ತಿದ್ದೆ. ಆಡಿದ ಮಾತು ತಿರುಗಿ ನನ್ನ ಮೊಣಕಾಲಿಗೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕೀಲು ಸವೆದಿದೆ ಎಂದು ವೈದ್ಯರು ಹೇಳಿದ ಮೇಲೆ, ಆಸ್ಪತ್ರೆಯಿಂದ ವಾರಕ್ಕೊಮ್ಮೆ ಒಬ್ಬ ಹೆಣ್ಣುಮಗಳು ಫೋನ್ ಮಾಡತೊಡಗಿದಳು. ಮುಖ ಕಂಡಿಲ್ಲ, ಮನೆಯಲ್ಲಿ ನಾವು ದೀದಿ ಎನ್ನುತ್ತೇವೆ. ಮಾತ್ರೆ ಕೊಡುವುದಿಲ್ಲ, ಗದರುವುದೂ ಇಲ್ಲ. ತೊಡೆಯ ವ್ಯಾಯಾಮ ಹೇಳಿಕೊಟ್ಟು, ಕೊನೆಗೆ "ಪಂಡಿತ್‌ಜೀ, ಇಸ್ ಹಫ್ತೆ ಆಪ್ ಖುದ್ ಕ್ಯಾ ಕರೇಂಗೇ?" ಎನ್ನುತ್ತಾಳೆ. ಈ ವಾರ ಏನು ಮಾಡುವೆನೆಂದು ನಾನೇ ನಿಶ್ಚಯಿಸಬೇಕಂತೆ. ಊರಿಗೆಲ್ಲ ಸಂಕಲ್ಪ ಮಾಡಿಸುವವನಿಗೆ ಫೋನಿನಲ್ಲಿ ಸಂಕಲ್ಪ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರುವುದರಿಂದಲೇ ನೋವು ಹೆಚ್ಚುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಸ್ಟೂಲಿನ ಮೇಲೆ ಕೂತ ಪುರೋಹಿತನನ್ನು ಯಾರು ಕರೆಯುತ್ತಾರೆ? ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬಾರದು. ಭಯವಾಗಿ, ಇನ್ನು ಮೇಲೆ ಗಂಗೆಯಾಚೆಯ ರಾಮನಗರದ ಕೋಟೆ ಹತ್ತುವುದಿಲ್ಲ ಎಂದುಬಿಟ್ಟೆ.

ಸೊಪ್ಪು ಬಿಡಿಸುತ್ತಿದ್ದ ನನ್ನಾಕೆ ಸಾವಿತ್ರಿ ಎದ್ದು ಬಂದು ಫೋನು ಕಿತ್ತುಕೊಂಡಳು. ಇವರು ಆ ಕೋಟೆಯ ಕಡೆ ತಲೆಹಾಕಿ ವರ್ಷಗಳೇ ಆದವು, ಈಗ ಬಿಡುತ್ತಿರುವುದು ಹಾಗಲಕಾಯಿ ಎಂದು ಹಿಂದಿಯಲ್ಲಿ ಪದ್ಧತಿಯನ್ನೆಲ್ಲ ವಿವರಿಸಿದಳು. ದೀದಿ ನಕ್ಕದ್ದು ನನಗೂ ಕೇಳಿಸಿತು. ಆಮೇಲೆ ಅವಳು ಮೆಲ್ಲಗೆ, ಬಿಡಲು ನಿಜವಾಗಿ ಕಷ್ಟವಾದದ್ದು ಯಾವುದೆಂದು ಕೇಳಿದಳು. ಸಾವಿತ್ರಿ ನನ್ನತ್ತ ತಿರುಗಿ, "ನೆಲಾ ಬಿಡ್ರಿ. ಮಂತ್ರ ಬಾಯಾಗ ಅದ, ಮೊಣಕಾಲಾಗ ಇಲ್ಲ" ಎಂದಳು. ಸಂಜೆ ಸೋನಾರ್‌ಪುರದ ಪೇಟೆಗೆ ಹೋಗಿ ಒಂದು ಸ್ಟೂಲು ಕೊಂಡು, ಇ-ರಿಕ್ಷಾದಲ್ಲಿ ಅದನ್ನು ಮೊಮ್ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ತಂದಳು. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ.

ಮರುದಿನ ಘಾಟಿನಲ್ಲಿ ನಾಚಿಕೆಯಿಂದ ಅದರ ಮೇಲೆ ಕೂತೆ. ಬಾಗಲಕೋಟೆಯ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ನನ್ನನ್ನೂ ಸ್ಟೂಲನ್ನೂ ನೋಡುತ್ತ ನಿಂತರು. ಬೇರೆ ಪುರೋಹಿತರನ್ನು ಹುಡುಕುತ್ತಾರೆ ಎಂದುಕೊಂಡೆ. "ನನಗೂ ಒಂದು ತರಸ್ರಿ ಆಚಾರ್ರ, ಕೆಳಗ ಕೂತರ ಏಳಲಿಕ್ಕೆ ಆಗಂಗಿಲ್ಲ" ಎಂದರು. ಪಕ್ಕದ ಚಹಾ ಅಂಗಡಿಯಿಂದ ಇನ್ನೊಂದು ಸ್ಟೂಲು ಬಂತು. ಮೊಣಕಾಲಿಗೆ ಮೊಣಕಾಲು ಎದುರಾಗಿ ಕೂತು ಸಂಕಲ್ಪ ಮುಗಿಸಿದೆವು. ಏನು ಬಿಡುತ್ತೀರಿ ತಾಯಿ ಎಂದು ಕೇಳಿದೆ. ಅಜ್ಜಿ ಕಣ್ಣುಮುಚ್ಚಿ, ಭಕ್ತಿಯಿಂದ, ಹಾಗಲಕಾಯಿ ಎಂದರು. ಧಾರಾಳವಾಗಿ ಬಿಡಿ ಎಂದೆ. ಮುಂದಿನ ವಾರ ದೀದಿ ತೂಕದ ಮಾತು ಎತ್ತುತ್ತಾಳಂತೆ. ಗೋದೌಲಿಯಾದ ಕಚೌರಿ ಜಿಲೇಬಿಯನ್ನು ಉಳಿಸಿಕೊಳ್ಳಲು ನನಗೂ ಈಗ ಒಂದು ಹಾಗಲಕಾಯಿ ಬೇಕಾಗಿದೆ.