ಗಾಜಿನ ಪೆಟ್ಟಿಗೆ ಸೇರಿದ ಕೊಳಗ

ಮೊದಲ ಮಳೆ ಬಿದ್ದು ಮಣ್ಣು ಹದವಾಗಿತ್ತು. ನಾಳೆಯಣ್ಣ ಬದುವಿನ ಕಳೆ ಕೀಳುತ್ತಿದ್ದ. ಎರವಲು ತಂದದ್ದನ್ನು ಯಾರು ಕೇಳಿದರೂ "ನಾಳೆ ಕೊಡ್ತೀನಿ" ಎನ್ನುವವನಿಗೆ ಊರು ಇಟ್ಟ ಹೆಸರು ಅದು. ಪಕ್ಕದ ಹೊಲದ ದೊಡ್ಡಪ್ಪ ಬಂದು ನಿಂತರು.

"ಲೇ, ಬೀಜ ಅಳೆಯೋಕೆ ಅಂತ ನನ್ನ ಮರದ ಕೊಳಗ ಒಯ್ದು ಏಳು ವರ್ಷ ಆಯ್ತು. ಸಂಜೆಯೊಳಗೆ ಮನೇಲಿರಬೇಕು. ಇಲ್ಲದಿದ್ರೆ ಈ ಸಲ ನನ್ನ ಎತ್ತು ನಿನ್ನ ಹೊಲಕ್ಕೆ ಇಳಿಯಲ್ಲ."

ಎತ್ತಿಲ್ಲದೆ ಬಿತ್ತನೆ ಎಲ್ಲಿಯದು? ನಾಳೆಯಣ್ಣ ಮನೆಗೆ ಓಡಿದ.

"ಅದಾ? ಹಳೇ ಸಾಮಾನು ಕೇಳ್ಕೊಂಡು ಮ್ಯೂಸಿಯಂ ಮೇಷ್ಟ್ರು ಬಂದಿದ್ರಲ್ಲ, ಅವರಿಗೆ ಕೊಟ್ಟೆ," ಎಂದಳು ಹೆಂಡತಿ. "ಅದರಲ್ಲಿ ಕೋಳಿನೂ ಕಾವಿಗೆ ಕೂರ್ತಿರ್ಲಿಲ್ಲ."

ಮೋಡ ಕಟ್ಟಿತ್ತು. ಕೊಡೆ ಹಿಡಿದು ಪೇಟೆಗೆ ನಡೆದ. ಎರಡೇ ಕೋಣೆಯ ಮ್ಯೂಸಿಯಂ. ಗಾಜಿನ ಪೆಟ್ಟಿಗೆಯೊಳಗೆ ಕೊಳಗ ಹೊಸ ಅಳಿಯನ ಹಾಗೆ ಬಿಗಿದುಕೊಂಡು ಕೂತಿತ್ತು. ಮುಂದೊಂದು ಚೀಟಿ: 'ಇನ್ನೂರು ವರ್ಷ ಹಳೆಯದು.'

"ಮೇಷ್ಟ್ರೇ, ಇದನ್ನ ಮಾಡಿದ ಬಡಗಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಕರ್ಕೊಂಡು ಬರ್ಲಾ?"

ಮೇಷ್ಟ್ರ ಮುಖ ಸುಣ್ಣವಾಯಿತು. "ಮೆಲ್ಲಗೆ ಮಾತಾಡಪ್ಪ! ತಪಾಸಣೆಗೆ ಸಾಹೇಬ್ರು ಬರೋ ಹೊತ್ತು. ತಗೊಂಡು ಹೋಗು. ಆದ್ರೆ ಪೆಟ್ಟಿಗೆ ಖಾಲಿ ಇರಬಾರ್ದು. ಆ ಕೊಡೆ ಇಲ್ಲಿಡು."

ಎಂಟು ತೇಪೆಯ ಕೊಡೆ ಒಳಗೆ ಹೋಯಿತು. ಚೀಟಿ ಬದಲಾಯಿಸುವಷ್ಟರಲ್ಲಿ ಸಾಹೇಬರೇ ಬಂದುಬಿಟ್ಟರು.

"ಇನ್ನೂರು ವರ್ಷದ ಕೊಡೆ! ಆಹಾ, ಅಂದಿನ ಹೊಲಿಗೆ ನೋಡಿ!" ಎಂದು ತಲೆದೂಗಿದರು. "ನಾಳೆ ಬೆಳಿಗ್ಗೆ ಬಂದು ಇದನ್ನ ದಾಖಲೆಗೆ ಸೇರಿಸಿ ಸಹಿ ಹಾಕ್ತೀನಿ. ಆಮೇಲೆ ಯಾರೂ ಮುಟ್ಟಬಾರ್ದು."

ಆ ತೇಪೆ ಹಾಕಿದ ನಾಳೆಯಣ್ಣ ಕೊಳಗ ಬಚ್ಚಿಟ್ಟುಕೊಂಡು ಜಾರಿಕೊಂಡ. ದಾರಿಯಲ್ಲಿ ಮಳೆ ಹಿಡಿಯಿತು. ಕೊಳಗವನ್ನೇ ತಲೆಗೆ ಬೋರಲು ಹಾಕಿಕೊಂಡು ದೊಡ್ಡಪ್ಪನ ಜಗಲಿ ಮುಟ್ಟಿದ.

ದೊಡ್ಡಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಂದೇ. ಋಣ ತೀರಿತು ಬಿಡು. ಎತ್ತು ಯಾವಾಗ ಬೇಕಾದ್ರೂ ಹೊಡ್ಕೊಂಡು ಹೋಗು."

ನಾಳೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಜಗಲಿಯ ಕಂಬಕ್ಕೆ ಒರಗಿ ಕೂತ.

"ನೀನು ನಾಳೆ ಪೇಟೆಗೆ ಹೋದ್ರೆ ಇದನ್ನೂ ಒಯ್ಯಪ್ಪ," ಎಂದರು ದೊಡ್ಡಪ್ಪ. "ಮ್ಯೂಸಿಯಂ ಮೇಷ್ಟ್ರಿಗೆ ಕೊಟ್ಟುಬಿಡು. ಎಲ್ಲರ ಮನೆ ಸಾಮಾನೂ ಅಲ್ಲಿದೆಯಂತೆ, ನಮ್ಮದೂ ಒಂದಿರ್ಲಿ. ಅದಕ್ಕೇ ನಿನ್ನ ಇಷ್ಟು ಅವಸರಪಡಿಸಿದ್ದು."

ನಾಳೆಯಣ್ಣ ಸುರಿಯುತ್ತಿದ್ದ ಮಳೆ ನೋಡಿದ. ಬೆಳಿಗ್ಗೆ ಬೀಳಲಿರುವ ಸಾಹೇಬರ ಸಹಿ ನೆನಪಾಯಿತು. ಮನೆಯಲ್ಲಿದ್ದದ್ದು ಅದೊಂದೇ ಕೊಡೆ. ಎದ್ದು ಕೊಳಗವನ್ನು ಮತ್ತೆ ತಲೆಗೇರಿಸಿಕೊಂಡ.

"ನಾಳೆ ಯಾಕೆ ದೊಡ್ಡಪ್ಪ," ಎಂದ, ಹುಟ್ಟಿದ ಮೇಲೆ ಮೊದಲ ಸಲ. "ಈಗ್ಲೇ ಹೋಗ್ತೀನಿ."