ದನಿರಾಯರ ಕೋಣೆಗೆ ಬಂದ ಶಕ್ತಿ

"ಇವತ್ತು ಸಂಜೆಯೊಳಗೆ ಈ ಕೋಣೆಯ ಹಣೆಬರಹ ಬದಲಾಯಿಸದಿದ್ದರೆ ನನ್ನ ಹೆಸರು ಬದಲಾಯಿಸು!" ಎಂದು ದನಿರಾಯರು ಹೆಂಡತಿಯೆದುರು ಗುಡುಗಿದರು.

ದನಿರಾಯ ಅನ್ನೋದು ಅವರ ಹೆಸರೇ ಅಲ್ಲ ಬಿಡಿ, ಬೀದಿಯವರು ಇಟ್ಟದ್ದು. ಜಾಹೀರಾತಿಗೆ, ಲಿಫ್ಟಿಗೆ, ಆಟದ ಸಾಮಾನಿಗೆ ದನಿ ಕೊಟ್ಟು ಸಂಸಾರ ತೂಗಿಸಿದ ಮನುಷ್ಯ. ಮನೆಯ ಹಿಂಬದಿ ಕೋಣೆಯೇ ಅವರ ಆಫೀಸು, ಅದೇ ರೆಕಾರ್ಡಿಂಗ್ ರೂಮು. ಆದರೆ ತಿಂಗಳುಗಟ್ಟಲೆಯಿಂದ ಮೈಕಿನ ಮುಂದೆ ಕೆಮ್ಮೋಕೂ ಯಾರೂ ಕರೆದಿರಲಿಲ್ಲ. ಈಗ ಕಂಪ್ಯೂಟರೇ ಮಾತಾಡುತ್ತೆ, ಅದಕ್ಕೆ ಗಂಟಲು ಕಟ್ಟೋದೂ ಇಲ್ಲ! ಉಳಿದಿದ್ದು ಒಂದೇ ಆಸೆ. ಮಾತಾಡುವ ಕರಡಿಗೊಂಬೆ ಮಾಡುವ ಕಂಪನಿಯೊಂದು ಸಂಜೆಯೊಳಗೆ ದನಿಯ ಸ್ಯಾಂಪಲ್ ಕೇಳಿತ್ತು. ಅದೂ ಕೈತಪ್ಪಿದರೆ ಮೈಕು ಮೂಟೆ ಕಟ್ಟಿ ಭಾವಮೈದನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು.

"ಕೆಲಸ ಯಾಕೆ ಬರ್ತಿಲ್ಲ ಗೊತ್ತೇನೇ? ಚೀನಾದವರ ವಾಸ್ತು, ಫೆಂಗ್ ಶೂಯಿ ಪ್ರಕಾರ ಈ ಕೋಣೆಗೆ ಉಸಿರುಗಟ್ಟಿದೆ. ಬಾಗಿಲಿಂದ ಬರೋ 'ಚೀ' ಅನ್ನೋ ಶಕ್ತಿ ಈ ಕಸ ನೋಡಿ ಹಾಗೇ ವಾಪಸ್ ಹೋಗ್ತಿದೆ!"

"ನಾನೂ ದಿನಾ ಈ ಕೋಣೆ ನೋಡಿ 'ಛೀ' ಅಂತಲೇ ವಾಪಸ್ ಹೋಗೋದು" ಎಂದಳು ಹೆಂಡತಿ.

ಶುರುವಾಯಿತು ನೋಡಿ ದಂಡಯಾತ್ರೆ! ಹಳೇ ಪತ್ರಿಕೆ, ಹರಕು ಕಂಬಳಿ, ಬಟ್ಟೆಯ ಗಂಟು ಎಲ್ಲ ಅಂಗಳಕ್ಕೆ ಬಿದ್ದವು. ಕೊನೆಗೆ ಗೋಡೆಗೆ ಒರಗಿಸಿದ್ದ ಹತ್ತಿಯ ಹಾಸಿಗೆಗಳಿಗೆ ಕೈ ಹಾಕಿದರು.

"ಅವು ಯಾಕ್ರೀ? ನೀವೇ ತಂದು ಒರಗಿಸಿದ್ದಲ್ವಾ?"

"ಯಾಕೆ ಒರಗಿಸಿದ್ದೆನೋ ನನಗೇ ಮರೆತುಹೋಗಿದೆ. ಯಾಕಿದೆ ಅಂತ ಗೊತ್ತಿಲ್ಲದ್ದೆಲ್ಲ ಕಸ!"

ಗುಜರಿ ಗಾಡಿಯವನು ಬಂದು ಎಲ್ಲ ಹೇರಿಕೊಂಡು ಹೋದ. ಬೆನ್ನಿಗೆ ಗೋಡೆ, ಎದುರಿಗೆ ಬಾಗಿಲು ಬರುವಂತೆ ಮೇಜು ತಿರುಗಿಸಿ, ಮೂಲೆಗೊಂದು ಬಿದಿರಿನ ಸಸಿ ಇಟ್ಟು, ದನಿರಾಯರು ಮಹಾರಾಜರ ಠೀವಿಯಲ್ಲಿ ಮೈಕಿನ ಮುಂದೆ ಕೂತರು.

"ಪುಟ್ಟಾ, ನಾನು ನಿನ್ನ ಕರಡಿ ಮಾಮ!"

ರೆಕಾರ್ಡ್ ಆದದ್ದನ್ನು ಕೇಳಿದರೆ, ಕರಡಿ ಹಾಳುಬಾವಿಗೆ ಬಿದ್ದು ಕೂಗಿದ ಹಾಗಿತ್ತು. ಮಾಮ... ಮಾಮ... ಮಾಮ! ಆಗ ನೆನಪಾಯಿತು ಪುಣ್ಯಾತ್ಮನಿಗೆ. ಬರಿಗೋಡೆಗೆ ಬಡಿದು ದನಿ ಗುಂಯ್‌ಗುಟ್ಟದಿರಲಿ ಅಂತಲೇ ಆ ಹಾಸಿಗೆಗಳನ್ನು ಒರಗಿಸಿದ್ದು!

"ಶಕ್ತಿ ಬಂತೇನ್ರೀ?" ಹೆಂಡತಿ ಇಣುಕಿದಳು.

"ಬಂತು ಕಣೇ. ನಾಲ್ಕೂ ಗೋಡೆಗೆ ಬಡಿದು ನನ್ನ ಮುಖಕ್ಕೇ ಹೊಡೀತಿದೆ."

ಗುಜರಿ ಅಂಗಡಿಗೆ ಬಿದ್ದಂಬೀಳ ಓಡಿದರು. ಹಾಸಿಗೆಗಳ ಹೊಟ್ಟೆ ಆಗಲೇ ಬಗೆದಾಗಿತ್ತು, ಹತ್ತಿ ಗುಡ್ಡೆಯಾಗಿ ಬಿದ್ದಿತ್ತು. ಬರಿಗೈಲಿ ವಾಪಸ್ ಬಂದಾಗ ಹೆಂಡತಿ ತನ್ನ ಬಟ್ಟೆಯ ಬೀರು ತೆರೆದು ನಿಂತಿದ್ದಳು.

"ಒಳಗೆ ಹೋಗಿ. ಬಟ್ಟೆ ನಡುವೆ ದನಿ ಗುಂಯ್ ಅನ್ನಲ್ಲ."

"ನಾನಾ? ಬೀರುವಿನೊಳಗಾ?"

"ಬೇಡಾಂದ್ರೆ ಟೈಲ್ಸ್ ಅಂಗಡಿಯೊಳಗೆ ಹೋಗಿ ಕೂರ್ತೀರಾ?"

ಮೈಕು ಹಿಡಿದು ಒಳಗೆ ಹೊಕ್ಕರು. ಮಂಡಿ ಗದ್ದಕ್ಕೆ ತಾಗುತ್ತಿತ್ತು, ನುಸಿಗುಳಿಗೆಯ ಘಾಟಿಗೆ ಕಣ್ಣು ಉರಿಯುತ್ತಿತ್ತು. ಹೆಂಡತಿ ಬಾಗಿಲು ಮುಚ್ಚಿದಳು. ಆ ಕತ್ತಲಲ್ಲಿ ಅವರಿಗೆ ನಿಜಕ್ಕೂ ಅಳು ಬಂತು. ಇಷ್ಟು ವರ್ಷ ಊರಿಗೆಲ್ಲ ದನಿ ಕೊಟ್ಟವನ ಗತಿ ಹೆಂಡತಿಯ ಸೀರೆಗಳ ಸಂದಿಗೆ ಬಂತಲ್ಲಾ ಅಂತ ಕರುಳು ಹಿಂಡಿತು. ಅದೇ ಅಳುದನಿಯಲ್ಲಿ, "ಪುಟ್ಟಾ... ನಾನು ನಿನ್ನ... ಕರಡಿ ಮಾಮ" ಎಂದು ಹೇಗೋ ಹೇಳಿ ಮುಗಿಸಿ ಕಳಿಸಿದರು.

ಮರುದಿನ ಕಂಪನಿಯ ಹೆಂಗಸಿನ ಫೋನು. "ಸರ್, ನಿಮ್ಮ ಕರಡಿಯ ದನಿ ಕೇಳಿ ನಮ್ಮ ಮ್ಯಾನೇಜರ್ ಮಗು ಅಳೋಕೆ ಶುರು ಮಾಡಿದ್ದು ಇನ್ನೂ ನಿಲ್ಲಿಸಿಲ್ಲ."

ದನಿರಾಯರಿಗೆ ಭಾವಮೈದನ ಅಂಗಡಿಯ ಟೈಲ್ಸು ಕಣ್ಣಮುಂದೆ ಬಂದವು.

"ಆದರೆ ನಮ್ಮ ಯಜಮಾನರದು ಇನ್ನೊಂದು ಸಂಸ್ಥೆ ಇದೆ. ಅದಕ್ಕೆ ನಿಮ್ಮ ದನಿ ಹೇಳಿ ಮಾಡಿಸಿದ ಹಾಗಿದೆಯಂತೆ. ಖಾಯಂ ಕೆಲಸ. ಒಪ್ಪಿಗೆನಾ?"

ವಿಷಯ ಏನು ಅಂತ ಪೂರ್ತಿ ಕೇಳಿಕೊಂಡು, ಫೋನಿಟ್ಟು, ದನಿರಾಯರು ಕುರ್ಚಿಯಲ್ಲಿ ಕುಸಿದರು.

"ಏನ್ರೀ ಆಯ್ತು?"

"ಕೆಲಸ ಸಿಕ್ತು. ಶವಸಂಸ್ಕಾರದ ಸಂಸ್ಥೆಯಂತೆ. ಸತ್ತವರ ಮನೆಯವರು ಫೋನ್ ಮಾಡಿದಾಗ, ದಯವಿಟ್ಟು ಕಾಯಿರಿ ಅಂತ ಹೇಳಬೇಕು."

ಹೆಂಡತಿ ನಿಟ್ಟುಸಿರು ಬಿಟ್ಟಳು. "ಸದ್ಯ, ಮನೆ ಉಳೀತು! ಅದ್ಸರಿ, ಅಷ್ಟು ಹೇಳೋಕೆ ಕಂಪ್ಯೂಟರ್ ದನಿ ಸಾಕಿತ್ತಲ್ರೀ?"

ದನಿರಾಯರು ತಲೆ ತಗ್ಗಿಸಿದರು.

"ಅದನ್ನೂ ಹಾಕಿ ನೋಡಿದರಂತೆ ಕಣೇ. ಅದರಲ್ಲಿ ಜೀವಕಳೆ ಜಾಸ್ತಿಯಾಯ್ತಂತೆ!"