ಸೋದರಮಾವನ ಟೈ-ಡೈ ಅಂಗಿ

ನೀವು ಈಗ ತೊಟ್ಟಿರುವ ಅಂಗಿಯನ್ನು ಆರಿಸಿದವರು ಯಾರು? ನೀವೇ ಎಂದು ಆತುರದಿಂದ ಉತ್ತರಿಸಬೇಡಿ. ಯಾರೋ ನೇಯ್ದು, ಯಾರೋ ಬಣ್ಣ ಹಾಕಿ, ಯಾರೋ ಅಂಗಡಿಯ ಗೊಂಬೆಗೆ ತೊಡಿಸಿದ್ದನ್ನು ನೀವು ಬಿಚ್ಚಿಸಿ ತಂದಿದ್ದೀರಿ. ಅದು ಆಯ್ಕೆಯಲ್ಲ, ಶರಣಾಗತಿ! ಕಳೆದ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಅಡುಗೆಮನೆಯಲ್ಲಿ, ಚರ್ಚಾಸ್ಪರ್ಧೆಗಳ ಹಳೆಯ ಹುಲಿಯಾದ ನಾನು ಈ ವಿಷಯವನ್ನು ಪರ-ವಿರೋಧ ಎರಡೂ ಕಡೆಯಿಂದ ಮಂಡಿಸಿ ಮುಗಿಸಿದಾಗ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ಸುಮ ತಲೆಯೆತ್ತಿದಳು.

"ಅದೆಲ್ಲಾ ಸರಿ ರೀ, ಪವಿತ್ರನ ಮದುವೆಗೆ ಏನು ಹಾಕ್ಕೋತೀರಾ?"

ಪವಿತ್ರ ನನ್ನ ಅಕ್ಕ ಗಿರಿಜಳ ಮಗಳು. ಸೋದರಮಾವನಾದ ನಾನು ಅವಳನ್ನು ಎತ್ತಿಕೊಂಡು ಮಂಟಪಕ್ಕೆ ತರಬೇಕು; ನಮ್ಮಲ್ಲಿ ಅದು ಪದ್ಧತಿ. ಅವಳ ಧಾರೆ ಸೀರೆಯನ್ನು ಭಾವನೇ ನೇಯ್ದಿದ್ದರು. ಊರವರ ಹೆಣ್ಣುಮಕ್ಕಳಿಗೆಂದೇ ಜೀವನವಿಡೀ ಮಗ್ಗ ನಡೆಸಿದವರು, ಬಂದ ಆರ್ಡರ್‌ಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನು ಮಗಳಿಗಾಗಿ ನೇಯ್ದರು. ಹಾಲಿನಂಥ ಬಿಳಿ ರೇಷ್ಮೆ, ಕೆಂಪು ಅಂಚು. ಅದನ್ನು ಮುಟ್ಟುವ ಮುನ್ನ ಅಕ್ಕ ಎಲ್ಲರಿಂದಲೂ ಕೈ ತೊಳೆಸುತ್ತಿದ್ದಳು.

"ನಾನೇ ತಯಾರಿಸಿದ ಟೈ-ಡೈ ಅಂಗಿ," ಎಂದೆ. "ಬಿಳಿ ಹತ್ತಿ ಅಂಗಿಗೆ ಗಂಟು ಕಟ್ಟಿ ಬಣ್ಣದಲ್ಲಿ ಅದ್ದುವುದು. ಬಿಚ್ಚಿದಾಗ ಮೂಡುವ ವಿನ್ಯಾಸ ಜಗತ್ತಿನಲ್ಲಿ ಇನ್ನೊಬ್ಬರ ಬಳಿ ಇರುವುದಿಲ್ಲ."

"ಇರಬಾರ್ದು ಕೂಡ," ಎಂದಳು ಸುಮ.

ಬೇರೆ ಊರಿನವರಾಗಿದ್ದರೆ ಅಂಗಡಿಗೆ ಹೋಗಿ ಹತ್ತಿ ಬಟ್ಟೆಗೆ ಹಾಕುವ ಬಣ್ಣ ಕೇಳುತ್ತಿದ್ದರು. ಮಗ್ಗಗಳ ಸದ್ದಿನಲ್ಲೇ ಬೆಳೆದ ನನಗೆ ಅಂಗಡಿ ಏತಕ್ಕೆ? ಎದುರು ಮನೆಯ ನಜೀರ್ ಸಾಬರು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬಿನವರು. ಅವರ ಶೆಡ್ಡಿನಲ್ಲಿ ಬಣ್ಣದ ಡಬ್ಬಗಳು ಸಾಲಾಗಿ ನಿಂತಿದ್ದವು. ನಾನು ನೇರಳೆಯ ಡಬ್ಬಕ್ಕೆ ಕೈ ಹಾಕಿದೆ.

"ಸಾರ್, ಇದು ರೇಷ್ಮೆ ಬಣ್ಣ," ಎಂದರು ನಜೀರ್ ಸಾಬರು. "ಕಾಟನ್ ಮೇಲೆ ಬಾಡಿಗೆಗೆ ಇರ್ತದೆ ಅಷ್ಟೆ. ಯಾವಾಗ ಬೇಕಾದ್ರೂ ಖಾಲಿ ಮಾಡ್ತದೆ."

"ಬಣ್ಣಕ್ಕೂ ಬಟ್ಟೆಗೂ ಹೀಗೆ ಜಾತಿ ಕಟ್ಟುವುದು ನ್ಯಾಯವೇ, ಸಾಬರೇ?"

"ಜಾತಿ ನಂಗೊತ್ತಿಲ್ಲ ಸಾರ್. ಬಣ್ಣ ಗೊತ್ತು."

ವಾದದಲ್ಲಿ ನಾನು ಗೆದ್ದೆನೆಂದು ಭಾವಿಸಿ ಬಣ್ಣ ತಂದೆ. ತುಂಬುತೋಳಿನ ಅಂಗಿಯ ಎದೆಯನ್ನು ಮುದುರಿ ಮಗ್ಗದ ದಾರದಿಂದ ಬಿಗಿದೆ. ತೋಳುಗಳಿಗೆ ಗೇಣಿಗೊಂದು ಗಂಟು. ಬಚ್ಚಲಿನ ಹಂಡೆಯಲ್ಲಿ ನೇರಳೆ ಕುದಿಯಿತು. ಮಾರನೆಯ ದಿನ ಗಂಟು ಬಿಚ್ಚಿದರೆ, ಆಹಾ! ಎದೆಯ ಮೇಲೆ ಉಂಗುರ ಉಂಗುರವಾಗಿ ಉದಯಿಸಿದ ನೇರಳೆ ಸೂರ್ಯ. ಸುಮ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಪರ್ವಾಗಿಲ್ಲ" ಎಂದಳು. ಅವಳ ನಿಘಂಟಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ.

ಒಮ್ಮೆ ನೀರಿನಲ್ಲಿ ಜಾಲಿಸಿದೆ. ಬಕೆಟ್ಟೆಲ್ಲ ನೇರಳೆ! ನಾನು ವಿಚಲಿತನಾಗಲಿಲ್ಲ. ತರ್ಕಬದ್ಧವಾಗಿ ಯೋಚಿಸಿದೆ: ಒಗೆದರೆ ಬಣ್ಣ ಹೋಗುತ್ತದೆ, ಬಣ್ಣ ಹೋಗಬಾರದು, ಆದ್ದರಿಂದ ಒಗೆಯಬಾರದು. ತರ್ಕದಲ್ಲಿ ಎಲ್ಲಿಯೂ ದೋಷವಿರಲಿಲ್ಲ. ಅಂಗಿಯನ್ನು ಒಣಗಿಸಿ ಇಸ್ತ್ರಿ ಹಾಕಿಸಿದೆ.

ಮದುವೆಯ ದಿನ ಛತ್ರದಲ್ಲಿ, ಹೋಮದ ಹೊಗೆ ಜನರ ಕಣ್ಣಿಗೆ ನುಗ್ಗುತ್ತದೆಂದು ಪುರೋಹಿತರು ಫ್ಯಾನುಗಳನ್ನು ನಿಲ್ಲಿಸಿದ್ದರು. ಕೋಣೆಯಿಂದ ಮಂಟಪಕ್ಕೆ ಇಪ್ಪತ್ತು ಹೆಜ್ಜೆ. ಬಿಳಿ ಸೀರೆಯ ಪವಿತ್ರಳನ್ನು ಎರಡೂ ತೋಳುಗಳಲ್ಲಿ ಎತ್ತಿ ಎದೆಗೊತ್ತಿಕೊಂಡೆ. ವಾಲಗ ಏರಿತು.

"ಮಾವ, ಬೀಳಿಸ್ಬೇಡಿ."

"ನಂಬಿಕೆಯಿಡು, ಮಗಳೇ. ಅಂಗಿ ನೋಡು, ನನ್ನ ಅಭಿವ್ಯಕ್ತಿ!"

ಹತ್ತನೆಯ ಹೆಜ್ಜೆಗೆ ಫೋಟೊಗ್ರಾಫರ್ ಅಡ್ಡ ಬಂದ. "ಸಾರ್, ಅಲ್ಲೇ ನಿಲ್ಲಿ! ಸ್ಲೋ ಮೋಷನ್!" ನಿಂತೆ. ಬೆವರು ಕತ್ತಿನಿಂದ ಹೊರಟು ಎದೆಗಿಳಿಯಿತು. "ಸೂಪರ್ ಗುರು! ಇನ್ನೊಂದ್ಸಲ ಬಾಗ್ಲಿಂದ ಬನ್ನಿ." ಹಿಂದಕ್ಕೆ ಹೋಗಿ ಮತ್ತೆ ಬಂದೆ. ಅಂಗಿಯಿಂದ ನೀರು ಹಿಂಡಬಹುದಿತ್ತು. ಹಸೆಮಣೆಯ ಬಳಿ ಪವಿತ್ರಳನ್ನು ಇಳಿಸಿ, ವಿಜಯಿಯಂತೆ ಸಭೆಯತ್ತ ತಿರುಗಿದೆ.

"ಲೇ! ಏನೋ ಮಾಡ್ಬಿಟ್ಟೆ!" ಅಕ್ಕ ಕಿರುಚಿದಳು.

ಸೀರೆಯ ಎಡಮಗ್ಗುಲಲ್ಲಿ, ಸೊಂಟದ ಬಳಿ, ನನ್ನ ನೇರಳೆ ಸೂರ್ಯ ಉಂಗುರ ಸಮೇತ ಬೆಳಗುತ್ತಿತ್ತು. ಬೆನ್ನಿಗೊಂದು ಪಟ್ಟೆ, ಮಂಡಿಗೊಂದು ಪಟ್ಟೆ. ನನ್ನ ಅಂಗಿಯನ್ನು ನೋಡಿಕೊಂಡೆ. ಅಲ್ಲಿ ಸೂರ್ಯ ಮುಳುಗಿದ್ದ!

ಭಾವ ಬಂದು ಸೀರೆಯನ್ನು ಎರಡು ಬೆರಳಿನ ನಡುವೆ ಹಿಡಿದು ನೋಡಿದರು.

"ಒಗೆದರೆ ಹೋಗುತ್ತದಲ್ಲವೇ, ಭಾವ?"

ಭಾವ, ಮುಂದಿನ ಸಾಲಿನಲ್ಲಿ ಕೂತಿದ್ದ ನಜೀರ್ ಸಾಬರತ್ತ ನೋಡಿದರು. ಸಾಬರು ನೆಲ ನೋಡಿದರು. "ಹೋಗಲ್ಲ ಸಾರ್. ರೇಷ್ಮೆಗೆ ಬಣ್ಣ ಕೂರ್ಬೇಕಂದ್ರೆ ಬಿಸಿ ಬೇಕು, ಹುಳಿ ಬೇಕು. ನಿಮ್ಮ ಮೈಶಾಖ, ನಿಮ್ಮ ಬೆವರು, ಎರಡೂ ಆಗೋಯ್ತು. ನಮ್ ಶೆಡ್ಡಲ್ಲೂ ಇಷ್ಟು ಚೆನ್ನಾಗಿ ಹಿಡಿಯಲ್ಲ."

ಪವಿತ್ರಳ ಕಣ್ಣು ತುಂಬಿತ್ತು. "ಮಾವ, ಅಭಿವ್ಯಕ್ತಿ ನಿಮ್ದು. ಸೀರೆ ಯಾಕೆ ನಂದು?"

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ ನಾನು ಕರವಸ್ತ್ರ ತೆಗೆದು ಸೀರೆಯ ಮೇಲಿನ ಸೂರ್ಯನನ್ನು ಒರೆಸಲು ಹೋದೆ.

"ಬಿಡು ಗಿರಿಜಾ, ಮುಹೂರ್ತ ಮೀರ್ತದೆ. ಸೀರೆ ಇನ್ನೊಂದು ನೇಯ್ಬೋದು," ಎಂದರು ಭಾವ. ಹಾಗೆಂದರೂ ಅವರ ಬೆರಳು ಸೀರೆಯನ್ನು ಬಿಡಲಿಲ್ಲ. ಅವರು ಬೈದಿದ್ದರೆ ಎಷ್ಟೋ ಸುಖವಿತ್ತು.

ಅಕ್ಕ ಸೆರಗನ್ನು ಎಳೆದು ಸೂರ್ಯನಿಗೆ ಗ್ರಹಣ ಹಿಡಿಸಿದಳು. ಪೂರ್ತಿ ಹಿಡಿಯಲಿಲ್ಲ. ಕೊನೆಗೆ ಫೋಟೊಗ್ರಾಫರನಿಗೆ ಆಜ್ಞೆಯಾಯಿತು: ಮದುವೆ ಮುಗಿಯುವವರೆಗೆ ಹುಡುಗಿಯ ಬಲಗಡೆಯಿಂದ ಮಾತ್ರ ತೆಗೆಯತಕ್ಕದ್ದು. ಸ್ಲೋ ಮೋಷನ್ ವಿಡಿಯೊವನ್ನು ಅಲ್ಲೇ ಅಳಿಸಲಾಯಿತು. ಧಾರೆ ನಡೆಯಿತು. ಇಡೀ ಛತ್ರದಲ್ಲಿ ಅಂದು ಟೈ-ಡೈ ಧರಿಸಿದ್ದ ಏಕೈಕ ವ್ಯಕ್ತಿ ಮದುಮಗಳು!

ಹೋದ ವಾರ ಆಲ್ಬಂ ಬಂತು. ಮದುವೆಯಲ್ಲಿ ನಾನು ನಿಂತಿದ್ದುದು ಹುಡುಗಿಯ ಎಡಕ್ಕೆ, ಕ್ಯಾಮೆರಾ ತಿರುಗದ ಕಡೆ. ಸುಮ ಪುಟ ಪುಟ ಹುಡುಕಿ, ಒಂದು ಚಿತ್ರದ ಅಂಚಿನಲ್ಲಿ ನನ್ನ ಮೊಣಕೈಯನ್ನು ಪತ್ತೆಹಚ್ಚಿದಳು. "ನೋಡ್ರೀ, ನಿಮ್ದೇ!" ಹೌದು, ನನ್ನದೇ. ಬಣ್ಣವೆಲ್ಲ ಇಳಿದ ತೋಳು, ಬರೀ ಬಿಳಿ. ಯಾರದಾದರೂ ಆಗಬಹುದಿತ್ತು.

ಮಾನ್ಯ ಓದುಗರೇ, ಅಂಗಿಗೆ ಬಣ್ಣ ಹಾಕುವ ಮುನ್ನ ಅದು ಯಾವ ಬಟ್ಟೆಯ ಬಣ್ಣವೆಂದು ಬಲ್ಲವರನ್ನು ಕೇಳಿ, ಅವರು ಹೇಳಿದ್ದನ್ನು ದಯವಿಟ್ಟು ಕೇಳಿಸಿಕೊಳ್ಳಿ. ಆಮೇಲೆ ನೀರು ತಿಳಿಯಾಗುವವರೆಗೆ ಒಗೆಯಿರಿ.